ಮದುವೆ ಮನೆಯಲ್ಲಿ ಯಾರಿಗೇನು ಕೆಲಸ?

ಮೇ ತಿಂಗಳ ಒಂದು ಭಾನುವಾರ, ಹಿರಿಯಡ್ಕ ಪೇಟೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೇ ಉಡುಪಿ ಕಡೆಯಿಂದ ಬರುವ ಬಸ್ಸುಗಳ ತುಂಬ ರೇಷ್ಮೆ ಸೀರೆ, ಮಲ್ಲಿಗೆ, ಮಕ್ಕಳ ಗಲಾಟೆ. ಅದೇ ಮುಹೂರ್ತಕ್ಕೆ ಪೆರ್ಡೂರಿನಲ್ಲೊಂದು ಮದುವೆ, ಕಾರ್ಕಳದಲ್ಲೊಂದು, ಮಣಿಪಾಲದಲ್ಲಿ ಇನ್ನೊಂದು. ಯಾವುದನ್ನೂ ಬಿಡುವ ಹಾಗಿಲ್ಲ. ಮನೆಯವರೆಲ್ಲ ಪಾಲು ಹಂಚಿಕೊಂಡು ಹೊರಡುತ್ತಾರೆ: ಅಪ್ಪ ಒಂದು ಕಡೆ, ಅಮ್ಮ ಮತ್ತೊಂದು ಕಡೆ, ಬೈಕ್ ಇರುವ ಮಗ ಎರಡು ಕಡೆ.

ಹಾಲ್‌ನೊಳಗೆ ಸ್ಯಾಕ್ಸೋಫೋನ್ ವಾದ್ಯ. ವೇದಿಕೆಗೆ ಉದ್ದನೆಯ ಸಾಲು. ಮದುಮಗ, ಮದುಮಗಳು ಒಂದು ಗಂಟೆಯಿಂದ ನಿಂತೇ ಇದ್ದಾರೆ. ಒಬ್ಬರು ಹತ್ತುತ್ತಾರೆ, ಲಕೋಟೆ ಕೈಗಿಡುತ್ತಾರೆ, ಫೋಟೊದವರು ‘ಇತ್ತ ನೋಡಿ’ ಅನ್ನುತ್ತಾರೆ, ಆ ಕಡೆಯ ಮೆಟ್ಟಿಲಲ್ಲಿ ಇಳಿಯುತ್ತಾರೆ. ಬೊಂಬಾಯಿಯಿಂದ ಬಂದ ದೊಡ್ಡಮ್ಮ ಹುಡುಗಿಯ ಗಲ್ಲ ಹಿಡಿದು ಏನೋ ಹೇಳಲು ಬಾಯಿ ತೆರೆದರೆ ಹಿಂದಿನವರು ಆಗಲೇ ಮುಂದೆ ಬಂದಾಗಿದೆ. ಅಲ್ಲಿಂದ ಊಟ, ಊಟದಿಂದ ಇನ್ನೊಂದು ಮದುವೆ. ಸಂಜೆ ಮನೆಯಲ್ಲಿ ‘ಮದುವೆ ಹೇಗಾಯ್ತು?’ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಊಟ ಲಾಯ್ಕ ಇತ್ತು.’

ಎರಡು ಮನೆಯವರ ಹಲವು ವರ್ಷಗಳ ಉಳಿತಾಯ ಈ ಒಂದು ದಿನಕ್ಕೆ ಹೋಗುತ್ತದೆ. ಹುಡುಗ ಹುಡುಗಿಗೂ ತಮ್ಮ ಮದುವೆ ಬೇರೆಯೇ ಆಗಿರಬೇಕೆಂಬ ಆಸೆ ಇದ್ದೇ ಇರುತ್ತದೆ. ಆ ಆಸೆ ಹಿಡಿದು ಮದುವೆ ಕಂಟ್ರಾಕ್ಟಿನವರ ಬಳಿ ಹೋದವರ ಮುಂದೆ ಒಂದು ಆಲ್ಬಮ್ ತೆರೆದುಕೊಳ್ಳುತ್ತದೆ. ರಾಜಸ್ಥಾನದ ಅರಮನೆಯಂಥ ಹಿನ್ನೆಲೆ, ಬಿಳಿ ಹೊಗೆಯ ನಡುವೆ ಪ್ರವೇಶ, ಗೆಳತಿಯರ ನೃತ್ಯ, ಆಕಾಶದಲ್ಲಿ ಡ್ರೋನ್. ಹೋದ ವಾರ ಪಕ್ಕದ ಹಾಲ್‌ನಲ್ಲಿ ನಡೆದದ್ದೂ ಅದೇ ಆಲ್ಬಮ್‌ನ ಮದುವೆ.

ಮದುವೆ ನೆನಪಿನಲ್ಲಿ ಉಳಿಯಬೇಕೆಂದರೆ ಅದಕ್ಕೊಂದು ಬೇರೆ ದಾರಿ ಇದೆ. ಯಾರಿಂದ ಏನು ಮಾಡಿಸೋಣ ಎಂದು ಮೊದಲು ಯೋಚಿಸುವುದು. ಬಂದವರಲ್ಲಿ ಎಷ್ಟು ಜನರಿಗೆ ಆ ದಿನ ಕೈಯಲ್ಲೊಂದು ಕೆಲಸ ಇತ್ತೋ ಅಷ್ಟು ಜನರ ನೆನಪಿನಲ್ಲಿ ಆ ಮದುವೆ ಉಳಿಯುತ್ತದೆ. ಇದು ನಮ್ಮ ಊರಿಗೆ ಹೊಸತೇನೂ ಅಲ್ಲ.

ಚಪ್ಪರ ಹೋಯಿತು, ಹಾಲ್ ಬಂತು

ನಮ್ಮ ಅಜ್ಜ ಅಜ್ಜಿಯರ ಕಾಲದ ಮದುವೆ ಅಂಗಳದಲ್ಲಿ ನಡೆಯುತ್ತಿತ್ತು. ಅಡಿಕೆ ಮರದ ಕಂಬ ನೆಟ್ಟು, ಮೇಲೆ ತೆಂಗಿನ ಮಡಲು ಹೊದಿಸಿ, ಮಾವಿನ ತೋರಣ ಕಟ್ಟಿದರೆ ಚಪ್ಪರ. ಅದನ್ನು ಏಳಿಸುತ್ತಿದ್ದವರು ನೆರೆಕರೆಯವರು. ಒಬ್ಬರ ಮನೆಯ ಹಂಡೆ, ಇನ್ನೊಬ್ಬರ ಮನೆಯ ಚಾಪೆ, ಮತ್ತೊಬ್ಬರ ತೋಟದ ಬಾಳೆ ಎಲೆ. ಹಿಂದಿನ ರಾತ್ರಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಮೆಟ್ಟುಕತ್ತಿ ಹಿಡಿದು ಕುಂಬಳಕಾಯಿ, ಸೌತೆ ಹೆಚ್ಚುವವರ ಸಾಲು. ಹೆರೆಮಣೆಯ ಮೇಲೆ ಕೂತು ತೆಂಗಿನಕಾಯಿ ಹೆರೆಯುವವರ ಇನ್ನೊಂದು ಸಾಲು. ತಮಾಷೆ, ಹಾಡು, ಹಳೆಯ ಜಗಳದ ರಾಜಿ, ಮುಂದಿನ ಸಂಬಂಧದ ಮಾತು ಎಲ್ಲವೂ ಅಲ್ಲೇ.

ಆ ಕಾಲವನ್ನು ಬರೀ ಹೊಗಳುವುದೂ ಸರಿಯಲ್ಲ. ಆ ಮದುವೆಗಳಲ್ಲಿ ಮನೆಯ ಹೆಂಗಸರು ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಒಲೆಯ ಮುಂದೆ, ಬಾವಿಕಟ್ಟೆಯಲ್ಲೇ ಇರುತ್ತಿದ್ದರು. ಮಗಳ ಧಾರೆಯನ್ನು ಕಣ್ತುಂಬ ನೋಡಲಾಗದ ತಾಯಂದಿರು ಎಷ್ಟೋ ಮಂದಿ. ಯಾವ ಪಂಕ್ತಿಯಲ್ಲಿ ಯಾರು ಕೂರಬೇಕೆಂಬ ಜಾತಿಯ ಲೆಕ್ಕ ಬೇರೆ. ಹಾಲ್ ಮತ್ತು ಅಡುಗೆ ಕಂಟ್ರಾಕ್ಟ್ ಬಂದದ್ದರಿಂದ ಆ ಹೊರೆ ಇಳಿಯಿತು, ಎಲ್ಲರೂ ಒಂದೇ ಸಾಲಿನಲ್ಲಿ ಕೂರುವಂತಾಯಿತು. ಅದು ಸಣ್ಣ ಲಾಭವಲ್ಲ.

ಆದರೆ ಹೊರೆ ಇಳಿಸುವಾಗ ಕೆಲಸವೂ ಪೂರ್ತಿಯಾಗಿ ಹೊರಗೆ ಹೋಯಿತು. ಹೂವಿಗೊಬ್ಬರು, ಸ್ವಾಗತಕ್ಕೆ ಒಂದೇ ಬಣ್ಣದ ಸೀರೆಯುಟ್ಟ ಸಂಬಳದ ಹುಡುಗಿಯರು, ನಿರೂಪಣೆಗೊಬ್ಬರು. ಸೋದರತ್ತೆಗೆ, ಚಿಕ್ಕಪ್ಪನಿಗೆ, ಪಕ್ಕದ ಮನೆಯ ಹುಡುಗನಿಗೆ ಉಳಿದದ್ದು ಕುರ್ಚಿ ಮಾತ್ರ. ಹಾಗಾಗಿ ಇವತ್ತು ಮದುವೆ ಯೋಜಿಸುವವರು ಮೊದಲು ಒಂದು ಪಟ್ಟಿ ಮಾಡಲಿ. ಅದರಲ್ಲಿ ಸಾಮಾನು ಬೇಡ, ಜನರ ಹೆಸರಿರಲಿ. ಯಾರಿಗೆ ಕೈಬರಹ ಚಂದ, ಯಾರಿಗೆ ಹಾಡು ಬರುತ್ತದೆ, ಯಾರು ಮಲ್ಲಿಗೆ ಕಟ್ಟುತ್ತಾರೆ, ಯಾರು ನಾಲ್ಕು ಮಾತು ಚೆನ್ನಾಗಿ ಆಡುತ್ತಾರೆ, ಯಾವ ಅಜ್ಜ ಎಲೆಯಡಿಕೆ ಹರಿವಾಣದ ಪಕ್ಕ ಕೂತು ಬಂದವರನ್ನೆಲ್ಲ ಗುರುತಿಸಿ ಮಾತಾಡಿಸಬಲ್ಲರು. ಭಾರದ ಕೆಲಸ ಕಂಟ್ರಾಕ್ಟಿನವರಿಗೇ ಇರಲಿ. ಕೈಗೆ ಖುಷಿ ಕೊಡುವ ಕೆಲಸ ಮಾತ್ರ ಮನೆಯವರಿಗೆ, ನೆಂಟರಿಗೆ.

ಗಿಂಡಿಯ ನೀರು

ಕರಾವಳಿಯ ಬಹುಪಾಲು ಹಿಂದೂ ಮದುವೆಗಳ ನಡುಮಧ್ಯ ಇರುವುದು ಧಾರೆ. ಮನೆಯಿಂದ ಮನೆಗೆ, ಜಾತಿಯಿಂದ ಜಾತಿಗೆ ಕ್ರಮ ಸ್ವಲ್ಪ ಬೇರೆ. ಆದರೂ ಮುಖ್ಯ ಸಂಗತಿ ಒಂದೇ. ಇಬ್ಬರ ಕೈಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ವೀಳ್ಯದೆಲೆ, ಅಡಿಕೆ, ಹೂವು, ಕೆಲವು ಕಡೆ ತೆಂಗಿನಕಾಯಿ ಆ ಕೈಗಳಲ್ಲಿ. ಹಿರಿಯರು ಗಿಂಡಿ ಎತ್ತಿ ಬಾಗಿಸಿದಾಗ ಅದರ ಸಣ್ಣ ಮೂತಿಯಿಂದ ನೀರು ಎಳೆಯಾಗಿ ಇಳಿಯುತ್ತದೆ, ಎಲೆಯ ಮೇಲೆ ಹರಿದು ಬೆರಳ ಸಂದಿಯಿಂದ ಕೆಳಗಿನ ಹರಿವಾಣಕ್ಕೆ ಬೀಳುತ್ತದೆ. ನೀರು ತಣ್ಣಗೆ, ಕೆಳಗಿನ ಕೈ ಬೆಚ್ಚಗೆ. ಮದುವೆಯಾದವರನ್ನು ಕೇಳಿ ನೋಡಿ, ಆ ದಿನದ ಉಳಿದದ್ದೆಲ್ಲ ಮಸುಕಾದರೂ ಈ ನೀರು ಬಿದ್ದ ಕ್ಷಣ ಅವರಿಗೆ ನೆನಪಿರುತ್ತದೆ.

ಈಗ ಇಷ್ಟೂ ನಡೆಯುವುದು ಕ್ಯಾಮೆರಾದವರ ಬೆನ್ನ ಹಿಂದೆ. ಸಭೆಯಲ್ಲಿ ಕೂತವರಿಗೆ ಕಾಣುವುದು ಎರಡು ಟ್ರೈಪಾಡ್, ಒಂದಿಷ್ಟು ಎತ್ತಿ ಹಿಡಿದ ಮೊಬೈಲು. ‘ಇನ್ನೊಮ್ಮೆ ಎರೆಯಿರಿ, ಬೆಳಕು ಸರಿ ಬರಲಿಲ್ಲ’ ಎನ್ನುವುದೂ ಉಂಟು. ಇಲ್ಲಿ ಎರಡು ಬದಲಾವಣೆಗೆ ಕಾಸಿನ ಖರ್ಚಿಲ್ಲ. ಮೊದಲನೆಯದು, ಫೋಟೊದವರೊಂದಿಗೆ ಮುಂಚಿತವಾಗಿ ಮಾತಾಡಿ ಧಾರೆಯ ಹೊತ್ತಿನಲ್ಲಿ ವೇದಿಕೆಯ ಎರಡು ಬದಿಗೆ ಮಾತ್ರ ನಿಲ್ಲಬೇಕೆಂದು ಗೊತ್ತುಮಾಡುವುದು, ಸಭೆಯವರಿಗೆ ಮೊಬೈಲು ಕೆಳಗಿಡಲು ಹೇಳುವುದು. ಎರಡನೆಯದು, ಯಾರು ಯಾರು ಎರೆಯುತ್ತಾರೆಂಬ ಪಟ್ಟಿ ಮಾಡಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು, ಸಂಬಂಧ ಹೇಳಿ ಕರೆಯುವುದು. ‘ಹುಡುಗಿಗೆ ಒಂದನೇ ಕ್ಲಾಸಿನಲ್ಲಿ ಅಕ್ಷರ ಕಲಿಸಿದ ಟೀಚರ್’, ‘ಹುಡುಗನ ಅಪ್ಪ ಗಲ್ಫಿನಲ್ಲಿದ್ದ ವರ್ಷಗಳಲ್ಲಿ ಮನೆ ನೋಡಿಕೊಂಡ ಮಾವ’. ಒಬ್ಬರಿಗೆ ಅರ್ಧ ನಿಮಿಷ. ಎರಡು ಮನೆಯ ಚರಿತ್ರೆ ಸಭೆಯ ಮುಂದೆ ಬಂದುಬಿಡುತ್ತದೆ.

ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ವಂಶ ತಾಯಿಯ ಕಡೆಯಿಂದ ಎಣಿಸುವುದು, ಹಾಗಾಗಿ ಸೋದರಮಾವನ ಸ್ಥಾನ ದೊಡ್ಡದು. ಆಸ್ತಿಯ ಕಾನೂನು ಬದಲಾಗಿ ದಶಕಗಳಾದರೂ ಬಂಟರ, ಬಿಲ್ಲವರ, ಮೊಗವೀರರ ಮದುವೆಗಳಲ್ಲಿ ಮಾವನಿಲ್ಲದೆ ಕೆಲಸ ಮುಂದೆ ಹೋಗದು. ತಾಯಿಯ ಹೆಸರಿನಲ್ಲಿ ಕುಟುಂಬ ಗುರುತಿಸಿದ ಇದೇ ನೆಲದಲ್ಲಿ ಗಂಡನಿಲ್ಲದ ತಾಯಿಯನ್ನು ಮಗಳ ಧಾರೆಯ ಹೊತ್ತಿನಲ್ಲಿ ಹಿಂದಿನ ಸಾಲಿಗೆ ಸರಿಸುವುದನ್ನು ಈಗಲೂ ನೋಡುತ್ತೇವೆ. ಬೀಡಿ ಕಟ್ಟಿ, ಹಾಲು ಡೈರಿಗೆ ಹಾಕಿ ಮಗಳನ್ನು ಓದಿಸಿದ್ದು ಆಕೆ. ಗಿಂಡಿ ಹಿಡಿಯುವುದು ಹತ್ತು ವರ್ಷಕ್ಕೊಮ್ಮೆ ಬರುವ ದಾಯಾದಿ. ನಿಮ್ಮ ಮದುವೆಯಲ್ಲಿ ಒಂದೇ ಒಂದು ಹೊಸತು ಮಾಡುವುದಿದ್ದರೆ ಇದನ್ನೇ ಮಾಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಆ ತಾಯಿ ಮೊದಲು ಎರೆಯಲಿ. ಪುರೋಹಿತರ ಜೊತೆ ಮುಂಚೆಯೇ ಕೂತು ಮಾತಾಡಿದರೆ ಒಪ್ಪುವವರು ಸಿಗುತ್ತಾರೆ.

ಕುವೆಂಪು ತೋರಿದ ದಾರಿ

ಮದುವೆಯನ್ನು ತಮ್ಮದೇ ಮಾಡಿಕೊಳ್ಳುವ ಯೋಚನೆಗೆ ಕನ್ನಡದಲ್ಲಿ ಗಟ್ಟಿ ತಳಹದಿ ಹಾಕಿದವರು ಕುವೆಂಪು. ಅವರು ರೂಪಿಸಿದ ಮಂತ್ರ ಮಾಂಗಲ್ಯದ ವಿಧಾನದಲ್ಲಿ 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ನಡೆಯಿತು. ಆಮೇಲೆ ನಾಡಿನ ಉದ್ದಗಲದಲ್ಲಿ ಎಷ್ಟೋ ಜೋಡಿಗಳು ಅದೇ ರೀತಿ ಮದುವೆಯಾದರು, ಇಂದಿಗೂ ಆಗುತ್ತಿದ್ದಾರೆ.

ಅದರ ಕ್ರಮ ತೀರಾ ಸರಳ. ಆಡಂಬರವಿಲ್ಲ, ವರದಕ್ಷಿಣೆಯಿಲ್ಲ, ಜಾತಕ ಮುಹೂರ್ತಗಳ ಗೊಡವೆಯಿಲ್ಲ. ಹತ್ತಿರದವರ ಸಮ್ಮುಖದಲ್ಲಿ ಒಬ್ಬ ಹಿರಿಯರು ಪಠ್ಯವನ್ನು ಓದಿಸುತ್ತಾರೆ. ಉಪನಿಷತ್ತು ಮೊದಲಾದ ಕಡೆಗಳಿಂದ ಆರಿಸಿದ ಮಾತುಗಳು ಕನ್ನಡದ ಅರ್ಥದೊಡನೆ ಇರುತ್ತವೆ. ಹೆಣ್ಣು ಗಂಡು ಇಬ್ಬರೂ ಸಮಾನರು, ಒಬ್ಬರ ಮೇಲೆ ಒಬ್ಬರ ಯಜಮಾನಿಕೆ ಇಲ್ಲ, ಕುರುಡು ನಂಬಿಕೆಗಳ ಕಟ್ಟಿನಿಂದ ಇಬ್ಬರೂ ಬಿಡುಗಡೆಯಾದರು ಎಂಬುದು ಅದರ ಒಟ್ಟು ಆಶಯ. ಹೇಳುವ ಮಾತು ಹೇಳುವವರಿಗೂ ಕೇಳುವವರಿಗೂ ಅರ್ಥವಾಗಬೇಕು ಎಂಬುದೇ ಅದರ ದೊಡ್ಡ ಪಾಠ.

ಪೂರ್ತಿ ಮಂತ್ರ ಮಾಂಗಲ್ಯ ಎಂದರೆ ಮನೆಯ ಹಿರಿಯರು ಒಪ್ಪದಿರಬಹುದು. ಆಗಲೂ ಅದರ ಪಾಠವನ್ನು ತೆಗೆದುಕೊಳ್ಳಬಹುದು. ಧಾರೆ, ಸಪ್ತಪದಿ ಎಲ್ಲ ಮಾಮೂಲಿನಂತೆ ನಡೆಯಲಿ. ಪ್ರತಿ ಹಂತದಲ್ಲಿ ಒಬ್ಬರು ಎರಡು ವಾಕ್ಯದಲ್ಲಿ ಅರ್ಥ ಹೇಳಲಿ. ಬಳಿಕ ಹುಡುಗ ಹುಡುಗಿ ತಾವೇ ಬರೆದ ನಾಲ್ಕು ಮಾತನ್ನು ಓದಲಿ. ತುಳು ಮನೆಮಾತಾದರೆ ತುಳುವಿನಲ್ಲಿ, ಕೊಂಕಣಿಯಾದರೆ ಕೊಂಕಣಿಯಲ್ಲಿ.

ಆ ಮಾತುಗಳು ಸಿನಿಮಾದ ಸಂಭಾಷಣೆಯಂತೆ ಆಗದಿರಲು ಒಂದು ಉಪಾಯವಿದೆ: ನಿಜವಾಗಿ ಎದುರಾಗುವ ಸಂಗತಿಯನ್ನೇ ಬರೆಯುವುದು. ಬೆಂಗಳೂರಿನಲ್ಲಿ ಇಬ್ಬರಿಗೂ ಕೆಲಸ, ಊರಲ್ಲಿ ಎರಡೂ ಕಡೆ ವಯಸ್ಸಾದವರು. ಅವರನ್ನು ಯಾರು ಹೇಗೆ ನೋಡಿಕೊಳ್ಳುವುದು? ಒಬ್ಬರಿಗೆ ವರ್ಗವಾದರೆ ಇನ್ನೊಬ್ಬರು ಕೆಲಸ ಬಿಡಬೇಕೇ? ಅವಳ ಸಂಬಳದಲ್ಲಿ ಅವಳ ತವರಿಗೂ ಪಾಲುಂಟೇ? ಇವುಗಳ ಮೇಲೆ ಕೊಟ್ಟ ಮಾತು ಇನ್ನೂರು ಜನರ ಮುಂದೆ ಆಡಿದ್ದು ಎಂಬ ಕಾರಣಕ್ಕಾದರೂ ಉಳಿಯುತ್ತದೆ.

ಕಾನೂನಿನ ಮಾತು

ಹೊಸ ಬಗೆಯ ಮದುವೆಗೆ ಹೊರಟವರು ಒಂದು ಎಚ್ಚರಿಕೆ ವಹಿಸಬೇಕು. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮದುವೆ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ನಡೆಯಬೇಕು. ವಿಧಿಯೇ ನಡೆಯದೆ ಬರೀ ಪ್ರಮಾಣಪತ್ರ ಮಾಡಿಸಿಕೊಂಡರೆ ಅದು ಹಿಂದೂ ವಿವಾಹವಾಗದು ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿತು. ಮದುವೆಯೆಂದರೆ ಹಾಡು ಕುಣಿತ, ಊಟೋಪಚಾರದ ಸಂದರ್ಭ ಮಾತ್ರವಲ್ಲ ಎಂದೂ ಆ ತೀರ್ಪು ನೆನಪಿಸಿತು.

ವಿಧಿಗಳನ್ನು ಬಿಟ್ಟು ಪ್ರತಿಜ್ಞೆ ಮಾತ್ರ ಸಾಕೆನ್ನುವವರಿಗೆ, ಬೇರೆ ಬೇರೆ ಧರ್ಮದವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನಗಳಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು, ನೋಟಿಸ್ ಪ್ರಕಟವಾಗಿ 30 ದಿನ ಕಾಯಬೇಕು, ಮದುವೆಗೆ ಮೂವರು ಸಾಕ್ಷಿಗಳು ಬೇಕು. ಆ ಮೂವರು ಯಾರೆಂಬುದನ್ನೂ ಪ್ರೀತಿಯಿಂದ ಆರಿಸಬಹುದು.

ಅಟ್ಟೆ, ಚೆಂಡು, ಗುಳ್ಳ

ಅಲಂಕಾರಕ್ಕೆಂದು ದೂರದೂರಿನಿಂದ ಹೂ ತರಿಸುವ ಮೊದಲು ನಮ್ಮ ಜಿಲ್ಲೆಯಲ್ಲಿ ಏನಿದೆ ನೋಡಬೇಕು. ಕಾಪು ತಾಲೂಕಿನ ಶಂಕರಪುರ ಮಲ್ಲಿಗೆಯ ಊರು. ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಹಿಂದೂ, ಕ್ರೈಸ್ತ ಎನ್ನದೆ ಅಲ್ಲಿನ ಎಷ್ಟೋ ಮನೆಗಳ ಹೆಂಗಸರಿಗೆ ಆ ಗಿಡಗಳೇ ಆಧಾರ. ಬೆಳಗಿನ ಜಾವ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಹೊತ್ತೇರುವ ಮೊದಲು ಹೂವಿನ ಕಟ್ಟೆಗೆ ಮುಟ್ಟಿಸುತ್ತಾರೆ. ಅಳತೆ ಮೊಳದ್ದಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಹೂ. ದರ ಪ್ರತಿದಿನ ಬದಲಾಗುತ್ತದೆ, ಮದುವೆ ಮುಹೂರ್ತ ಒತ್ತಾಗಿರುವ ದಿನ, ಚಳಿಗೆ ಹೂ ಕಡಿಮೆಯಾದ ದಿನ ಗಗನಕ್ಕೇರುತ್ತದೆ.

ಮದುಮಗಳ ಜಡೆಗೆ ಬೇಕಾದ ಹೂವನ್ನು ಅಂಗಡಿಯ ಬದಲು ಒಂದು ಮನೆಗೇ ಹೇಳಿಟ್ಟರೆ ಹೇಗೆ? ಹಿಂದಿನ ದಿನ ಗೆಳತಿಯರು ಶಂಕರಪುರಕ್ಕೆ ಹೋಗಿ, ಕಟ್ಟುವವರ ಜಗಲಿಯಲ್ಲಿ ಕೂತು, ತಮ್ಮ ಕೈಯಿಂದಲೂ ನಾಲ್ಕು ಮೊಗ್ಗು ಪೋಣಿಸಿ ತರಲಿ. ಧಾರೆಗೆ ಬಂದ ಹೆಂಗಸರಿಗೆಲ್ಲ ಕೊಡುವ ತುಂಡು ಮಲ್ಲಿಗೆಯೂ ಅದೇ ಮನೆಯದಾಗಲಿ. ಆ ಮನೆಯವರನ್ನೂ ಊಟಕ್ಕೆ ಕರೆಯಿರಿ.

ಸೀರೆಯ ವಿಷಯದಲ್ಲೂ ಹೀಗೆಯೇ. ಉಡುಪಿ ಸೀರೆ ಎಂಬ ಹತ್ತಿಯ ಕೈಮಗ್ಗದ ಸೀರೆ ಒಂದು ಕಾಲದಲ್ಲಿ ಇಲ್ಲಿನ ಹೆಂಗಸರ ನಿತ್ಯದ ಉಡುಗೆ. ಪವರ್‌ಲೂಮ್ ಬಂದ ಮೇಲೆ ಮಗ್ಗಗಳು ಒಂದೊಂದಾಗಿ ನಿಂತವು, ವಯಸ್ಸಾದ ಬೆರಳೆಣಿಕೆಯ ನೇಕಾರರು ಉಳಿದರು. 2016ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಕಾರ್ಕಳದ ಕದಿಕೆ ಟ್ರಸ್ಟ್, ಕಿನ್ನಿಗೋಳಿ ಕಡೆಯ ತಾಳಿಪಾಡಿ ನೇಕಾರರ ಸಂಘದಂಥವು ಮತ್ತೆ ಮಗ್ಗಕ್ಕೆ ಜೀವ ತುಂಬಿದವು. ಧಾರೆಗೆ ರೇಷ್ಮೆಯೇ ಬೇಕೆನ್ನುವವರು ಎರಡೂ ಕಡೆಯ ಅತ್ತೆ, ಚಿಕ್ಕಮ್ಮಂದಿರಿಗೆ ಕೊಡುವ ಉಡುಗೊರೆ ಸೀರೆಯನ್ನಾದರೂ ಇಲ್ಲಿಂದ ತರಬಹುದು. ನೇಯ್ದವರ ಹೆಸರು ಕೇಳಿ ತಿಳಿದು, ಒಂದು ಚೀಟಿಯಲ್ಲಿ ಬರೆದು ಸೀರೆಯೊಳಗೆ ಇಟ್ಟು ಕೊಡಿ. ಪೆಟ್ಟಿಗೆಯ ತಳ ಸೇರಿ ಮತ್ತೊಂದು ಮದುವೆಗೆ ಕೈಬದಲಾಗುವ ಉಡುಗೊರೆಗಳ ಸಾಲಿಗೆ ಅದು ಸೇರುವುದಿಲ್ಲ.

ಊಟಕ್ಕೆ ಬರೋಣ, ಎಷ್ಟೆಂದರೂ ಜನ ನೆನಪಿಟ್ಟುಕೊಳ್ಳುವುದು ಅದನ್ನೇ. ಉಡುಪಿಯ ಅಡುಗೆಯ ಹೆಸರು ಲೋಕಕ್ಕೆಲ್ಲ ಗೊತ್ತು. ಆದರೆ ಉಡುಪಿಯ ಮದುವೆಯಲ್ಲೇ ಗೋಬಿ ಮಂಚೂರಿ, ಪಾನಿಪುರಿಯ ಕೌಂಟರ್. ಕಟಪಾಡಿ ಬಳಿಯ ಮಟ್ಟು ಊರಿನ ಬದನೆ, ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟು ಬೆಳೆಸಿದರೆಂಬುದು ಅಲ್ಲಿನವರ ನಂಬಿಕೆ. ತಿಳಿಹಸಿರು ಮೈಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು, ಬೇಯಿಸಿದರೆ ಬೆಣ್ಣೆ. ಮಳೆಗಾಲ ಕಳೆದ ಮೇಲಿನ ಮದುವೆಗಳಲ್ಲಿ ಗುಳ್ಳದ ಹುಳಿ, ಬೇಸಗೆಯವಕ್ಕೆ ಗುಜ್ಜೆಯ ಪಲ್ಯ, ಅನಾನಸಿನ ಮೆಣಸ್ಕಾಯಿ, ತಿಮರೆ ಚಟ್ನಿ, ಕಾರ್ಕಳದ ಬಿಳಿ ಬೆಂಡೆ, ಹಯಗ್ರೀವ ಮಡ್ಡಿ. ಮದರಂಗಿಯ ರಾತ್ರಿಗೆ ಕೋರಿ ರೊಟ್ಟಿ ಇದ್ದೇ ಇದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಎರಡೂ ಮನೆಯ ಅಜ್ಜಿಯರ ಕೈಯ ಒಂದೊಂದು ಪದಾರ್ಥವನ್ನು ಆರಿಸಿ, ಅಡುಗೆಭಟ್ಟರಿಗೆ ಅಜ್ಜಿಯ ಎದುರಲ್ಲೇ ಒಮ್ಮೆ ಮಾಡಿಸಿ ನೋಡಿ, ಎಲೆಗೆ ಬಡಿಸುವಾಗ ಯಾರ ಮನೆಯದೆಂದು ಹೇಳಿಸಿ. ಬಡಿಸುವ ಕೆಲಸದಲ್ಲಿ ಪಾಯಸವನ್ನಾದರೂ ಮನೆಯವರೇ ಹಿಡಿಯಲಿ. ಮದುಮಗ ಮದುಮಗಳೇ ಸೌಟು ಹಿಡಿದು ಒಂದು ಪಂಕ್ತಿಗೆ ಬಡಿಸಿದರೆ, ವೇದಿಕೆಯ ಸಾಲಿನಲ್ಲಿ ಆಗದ ಮಾತು ಎಲೆಯ ಮುಂದೆ ಆಗುತ್ತದೆ. ಆ ದೊಡ್ಡಮ್ಮನ ಮಾತು ಸೇರಿ.

ಹಾಡು ಯಾರದು?

ಹಿರಿಯಡ್ಕ ಎಂದೊಡನೆ ಯಕ್ಷಗಾನ ಬಲ್ಲವರಿಗೆ ನೆನಪಾಗುವುದು ಮದ್ದಳೆಗಾರ ಹಿರಿಯಡ್ಕ ಗೋಪಾಲ ರಾವ್. ಬಡಗುತಿಟ್ಟಿಗೆ ಏರು ಮದ್ದಳೆಯ ನಾದ ತಂದವರು, ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳಲ್ಲಿ ಜೊತೆಯಾದವರು. ನೂರು ವರ್ಷ ಪೂರೈಸಿ 2020ರಲ್ಲಿ ತೀರಿಕೊಂಡರು. ಇಂಥ ಊರಿನ ಮದರಂಗಿ ರಾತ್ರಿಗಳಲ್ಲಿ ಈಗ ಡಿಜೆಯದೇ ದರ್ಬಾರು. ಹರೆಯದವರು ಕುಣಿಯಲಿ, ಅದಕ್ಕೂ ಒಂದು ಹೊತ್ತಿರಲಿ. ಆದರೆ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ.

ಡಿಜೆಗೆ ಮೊದಲು ಒಂದು ಗಂಟೆ ತಾಳಮದ್ದಳೆ ಇಟ್ಟು ನೋಡಿ. ವೇಷ ಬೇಡ, ರಂಗಸ್ಥಳ ಬೇಡ. ಒಬ್ಬ ಭಾಗವತರು, ಮದ್ದಳೆ, ಚೆಂಡೆ, ಎದುರುಬದುರು ಕೂರುವ ಇಬ್ಬರು ಅರ್ಥಧಾರಿಗಳು. ಮೀನಾಕ್ಷಿ ಕಲ್ಯಾಣ, ಕನಕಾಂಗಿ ಕಲ್ಯಾಣದಂಥ ಪ್ರಸಂಗಗಳಲ್ಲಿ ಮದುವೆಯ ಸಡಗರಕ್ಕೆ ಬೇಕಾದ ಸರಸ, ಜಗಳ, ಹಾಸ್ಯ ಎಲ್ಲ ಇದೆ. ನಮ್ಮ ಕಡೆ ಪ್ರತಿ ಕುಟುಂಬದಲ್ಲೂ ಅರ್ಥ ಹೇಳುವ ಒಬ್ಬ ಮಾವನೋ, ಚೆಂಡೆ ಕಲಿಯುವ ಒಬ್ಬ ಹುಡುಗನೋ ಇರುತ್ತಾನೆ. ಅವನಿಗೊಂದು ಅವಕಾಶ.

ಮಾಧ್ವ ಮನೆಗಳಲ್ಲಿ ವಾದಿರಾಜರ ಲಕ್ಷ್ಮೀ ಶೋಭಾನೆ ಹಾಡುವ ಪದ್ಧತಿ ಉಂಟು. ಗುಳ್ಳದ ಕತೆಯಲ್ಲಿ ಬರುವ ಅದೇ ವಾದಿರಾಜರು ಕುಂದಾಪುರ ಕಡೆಯ ಹೂವಿನಕೆರೆಯಲ್ಲಿ ಹುಟ್ಟಿದವರು. ಎಂದರೆ ಒಂದೇ ಮದುವೆಯ ಹಾಡಿನಲ್ಲೂ ಹುಳಿಯಲ್ಲೂ ಈ ನೆಲದ ಒಬ್ಬರೇ ಯತಿ ಸಿಗುತ್ತಾರೆ. ಕೆಥೋಲಿಕರ ಮನೆಗಳಲ್ಲಿ ಮದುವೆಯ ಮುನ್ನಾದಿನ ರೋಸ್. ತೆಂಗಿನಹಾಲು ಹಚ್ಚಿ ಮೀಯಿಸುವ ಆ ಸಂಜೆ ಹಿರಿಯ ಹೆಂಗಸರು ಕೊಂಕಣಿಯ ವೊವಿಯೊ ಹಾಡುತ್ತಾರೆ. ತುಳು ಮನೆಗಳಲ್ಲಿ, ಕುಂದಗನ್ನಡದ ಮನೆಗಳಲ್ಲಿ ಶೋಭಾನೆಯ ಎಷ್ಟೋ ಹಾಡುಗಳು ಪುಸ್ತಕಕ್ಕೆ ಬಂದಿಲ್ಲ, ಅಜ್ಜಿಯ ಬಾಯಲ್ಲಿ ಮಾತ್ರ ಇವೆ. ಮದುವೆಗೆ ಮೂರು ನಾಲ್ಕು ತಿಂಗಳ ಮುಂಚೆ ಅಜ್ಜಿಯ ಪಕ್ಕ ಕೂತು ಮೊಬೈಲಿನಲ್ಲಿ ಧ್ವನಿ ಹಿಡಿಯಿರಿ. ಇಬ್ಬರು ಮೊಮ್ಮಕ್ಕಳು ಒಂದೇ ಒಂದು ಹಾಡು ಕಲಿತು ಅಜ್ಜಿಯ ಜೊತೆ ವೇದಿಕೆಯಲ್ಲಿ ಹಾಡಲಿ. ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ಇದಕ್ಕೆ ಪ್ರೀ ವೆಡ್ಡಿಂಗ್ ಶೂಟಿಂಗಿನ ಖರ್ಚಿನ ಕಾಲು ಭಾಗವೂ ಆಗದು, ಆ ಧ್ವನಿ ಮುಂದೆ ಸಿಗದು.

ಎಷ್ಟು ಜನ, ಯಾವಾಗ?

ನಮ್ಮಲ್ಲಿ ಮದುವೆಯ ಹೇಳಿಕೆ ಎಂದರೆ ಮನೆಮನೆಗೆ ಹೋಗುವುದು. ಕಾಗದ ಕೊಟ್ಟು, ಕೂತು, ಒಂದು ಲೋಟ ಪಾನಕವೋ ಚಾವೋ ಕುಡಿದು ಬರುವುದು. ವಾಟ್ಸ್‌ಆ್ಯಪ್‌ನಲ್ಲಿ ಕಾರ್ಡು ಕಳಿಸಿ ಮುಗಿಸುವ ಈ ಕಾಲದಲ್ಲಿ ಹುಡುಗ ಹುಡುಗಿಯೇ ಜೊತೆಯಾಗಿ ಹತ್ತು ಮನೆಗಾದರೂ ಹೋದರೆ ಹಿರಿಯರಿಗೆ ಆಗುವ ಸಂತೋಷ ದೊಡ್ಡದು. ದುಬಾರಿ ಪೆಟ್ಟಿಗೆಯಂಥ ಆಮಂತ್ರಣಕ್ಕಿಂತ ಮನೆಮಾತಿನಲ್ಲಿ ಬರೆದ ಒಂದು ಹಾಳೆ ಚಂದ. ಅದರ ಬೆನ್ನಿಗೆ ಎರಡೂ ಕುಟುಂಬದ ಮೂರು ತಲೆಮಾರಿನ ಹೆಸರು ಬರೆಯಿರಿ, ಅಜ್ಜಿಯರ ಹೆಸರನ್ನೂ.

ಜನರ ಸಂಖ್ಯೆಯೇ ದೊಡ್ಡ ತಲೆನೋವು. ‘ಅವರನ್ನು ಬಿಟ್ಟರೆ ಬೇಸರ’ ಎಂದು ಇನ್ನೂರು ಜನ ಹೋಗಿ ಸಾವಿರ ಜನ ಆಗುತ್ತಾರೆ. ಅಷ್ಟು ಜನಕ್ಕೆ ನೀರೂ ಬೇಕು. ಬೇಸಗೆಯ ಕೊನೆಗೆ ಹಿರಿಯಡ್ಕದ ಬಳಿ ಸ್ವರ್ಣಾ ನದಿಗೆ ಕಟ್ಟಿದ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ಉಡುಪಿ ನಗರವೇ ಟ್ಯಾಂಕರ್ ಕಾದದ್ದುಂಟು. ಅದೇ ದಿನಗಳಲ್ಲೇ ಅತಿ ಹೆಚ್ಚು ಮದುವೆ. ಸಮಾರಂಭವನ್ನು ಎರಡಾಗಿ ಒಡೆಯುವುದು ಒಂದು ದಾರಿ. ಧಾರೆ ಮನೆಯಂಗಳದಲ್ಲೋ ಊರ ದೇವಸ್ಥಾನದಲ್ಲೋ ನೂರೈವತ್ತು ಜನರ ನಡುವೆ. ಊರವರಿಗೆ ಇನ್ನೊಂದು ದಿನ ಸಂಜೆ ಊಟ, ವೇದಿಕೆ ಇಲ್ಲದೆ, ಇಬ್ಬರೂ ಜನರ ನಡುವೆ ಓಡಾಡಿಕೊಂಡು. ಹಾಳೆ ತಟ್ಟೆ, ಬಾಳೆ ಎಲೆಯಾದರೆ ಮರುದಿನ ತೋಟಕ್ಕೆ ಗೊಬ್ಬರ.

ಸಾಲ ಮಾಡಿ ಮದುವೆ ಮಾಡಬೇಕಾದ ಸ್ಥಿತಿಯಿರುವ ಮನೆಗಳಿಗೆ ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದ ಸಾಮೂಹಿಕ ವಿವಾಹದಂಥ ವ್ಯವಸ್ಥೆ ಇದೆ. ಅಲ್ಲಿ ಮದುವೆಯಾದವರು ಮನೆಗೆ ಬಂದಾಗ ನೆರೆಕರೆಯವರು ಸೇರಿ ಒಂದು ಸಣ್ಣ ಸಂಜೆ ಏರ್ಪಡಿಸಬಹುದು. ಅಜ್ಜಿಯ ಹಾಡು, ಹೆಸರು ಕರೆದು ಹಾರೈಸುವುದು, ಒಂದು ಪಾಯಸ, ಇವ್ಯಾವುದಕ್ಕೂ ಹಾಲ್ ಬೇಕಿಲ್ಲ.

ಯೋಜನೆ ಶುರುಮಾಡಲು ಆಟಿ ತಿಂಗಳು ಬಹಳ ಅನುಕೂಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುನಾಡಿನಲ್ಲಿ ಮದುವೆಯಿಲ್ಲ, ಹೊಸ ಮದುಮಗಳು ತವರಿಗೆ ಬಂದು ಕೂರುವ ಕಾಲ. ತುಳಸಿ ಪೂಜೆ ಕಳೆದು ಮುಹೂರ್ತಗಳು ಶುರುವಾಗುವ ಹೊತ್ತಿಗೆ ನಾಲ್ಕು ತಿಂಗಳು ಕೈಯಲ್ಲಿರುತ್ತದೆ. ಮಗ್ಗಕ್ಕೆ ಸೀರೆ ಹೇಳಿಡಲು, ವಿಶೇಷ ವಿವಾಹವಾದರೆ ನೋಟಿಸಿನ ದಿನ ಲೆಕ್ಕ ಹಾಕಲು, ಮಟ್ಟುವಿನ ಬೆಳೆಗಾರರಿಗೆ ಗುಳ್ಳ ಎಷ್ಟು ಬೇಕೆಂದು ಮುಂಚಿತವಾಗಿ ತಿಳಿಸಲು, ಭಾಗವತರು ಮೇಳಕ್ಕೆ ಹೊರಡುವ ಮೊದಲು ದಿನ ಹಿಡಿಯಲು ಅಷ್ಟು ಸಮಯ ಬೇಕು. ಜಡಿಮಳೆಗೆ ಹೊರಗೆ ಕಾಲಿಡಲಾಗದ ಆ ಮಧ್ಯಾಹ್ನಗಳಲ್ಲಿ ಅಜ್ಜಿ ಮನೆಯಲ್ಲೇ ಇರುತ್ತಾರೆ, ಹಾಡು ಬರೆದುಕೊಳ್ಳಲು ಒಂದು ನೋಟ್‌ಬುಕ್ ಸಾಕು.